ಮಕ್ಕಳ ರಕ್ತದೊತ್ತಡ ಮತ್ತು ಕಲಿಯುವ ಮೆದುಳು

(ಗೊಟಗೋಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಜಾನಪದಕ್ಕೆಂದೇ 2011ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಇರುವ ಊರಿದು. ಕನಕದಾಸರ ಬಾಡ, ಷರೀಫರ ಶಿಶುನಾಳ ಎರಡೂ ಇದೇ ಶಿಗ್ಗಾವಿ ತಾಲ್ಲೂಕಿನವು. ಇಂಥ ನೆಲದಲ್ಲಿ ನಿಂತು ಮಕ್ಕಳ ವೈದ್ಯನೊಬ್ಬ ರಕ್ತದೊತ್ತಡದ ಮಾತಾಡುವುದು ಹೊಂದುತ್ತದೆಯೇ ಎಂದು ಕೆಲವರಿಗೆ ಅನ್ನಿಸಬಹುದು. ಹೊಂದುತ್ತದೆ ಎಂದೇ ನನ್ನ ನಂಬಿಕೆ. ಮಗುವಿಗೆ ಫಿಟ್ಸ್ ಬಂದಾಗ ನಮ್ಮ ಜನ ಏನು ಮಾಡುತ್ತಾರೆ, ಓದಿನಲ್ಲಿ ಹಿಂದೆ ಬಿದ್ದ ಹುಡುಗನನ್ನು ಏನೆಂದು ಕರೆಯುತ್ತಾರೆ ಎನ್ನುವುದೆಲ್ಲ ಜನಪದರ ತಿಳಿವಳಿಕೆಯ ಭಾಗವೇ. ವೈದ್ಯ ಅದನ್ನು ಅರಿಯದೆ ಹಳ್ಳಿಯಲ್ಲಿ ಕೆಲಸ ಮಾಡಲಾರ.

ಬಿಪಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮನೆಯ ಅಜ್ಜ, ಅಜ್ಜಿ, ಬಹಳವಾದರೆ ತಂದೆ. ಮೂರನೇ ತರಗತಿಯ ಮಗುವಿಗೂ ಬಿಪಿ ಇರಬಹುದು, ಅದು ಆ ಮಗುವಿನ ನೆನಪು, ಗಮನ, ಲೆಕ್ಕದ ಶಕ್ತಿಯನ್ನು ತಟ್ಟಬಹುದು ಎಂಬುದು ಇನ್ನೂ ಮನೆಮಾತಾಗಿಲ್ಲ. ಇವತ್ತು ಮೊದಲಿಗೆ ಮೆದುಳಿಗೂ ರಕ್ತದೊತ್ತಡಕ್ಕೂ ಇರುವ ನಂಟನ್ನು ಹೇಳುತ್ತೇನೆ. ಆಮೇಲೆ ಬಿಪಿ ಒಮ್ಮೆಲೇ ಏರಿ ಮಗುವಿಗೆ ಫಿಟ್ಸ್ ತರುವ ಬಗೆ. ಅದರ ಬೆನ್ನಿಗೆ, ಸದ್ದಿಲ್ಲದೆ ವರ್ಷಗಟ್ಟಲೆ ಉಳಿಯುವ ಬಿಪಿ ಕಲಿಕೆಗೆ ಒಡ್ಡುವ ತೊಡಕು. ಮೈಸೂರಿನ ಒಂದು ಆಸ್ಪತ್ರೆಯ ಹಳೆಯ ದಾಖಲೆಗಳ ಕಡೆಗೂ ಒಮ್ಮೆ ಹೋಗಿಬರೋಣ. ಕೊನೆಗೆ ಅಳೆಯುವ ವಿಷಯ.

ಜಾನಪದದ ವಿದ್ಯಾರ್ಥಿಗಳು ಮುಂದಿರುವುದರಿಂದ ಒಂದು ಗಿಡದಿಂದ ಆರಂಭಿಸುತ್ತೇನೆ. ಸರ್ಪಗಂಧಿ ನಿಮಗೆಲ್ಲ ಗೊತ್ತು. ಅದರ ಬೇರನ್ನು ನಮ್ಮ ದೇಶದ ನಾಟಿ ವೈದ್ಯರು ಬುದ್ಧಿಭ್ರಮಣೆಗೆ ಕೊಡುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಮನಸ್ಸಿನ ಉದ್ರೇಕವನ್ನೂ ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ಬರೆದರು. 1949ರಲ್ಲಿ ಮುಂಬಯಿಯ ಹೃದಯವೈದ್ಯ ರುಸ್ತುಂ ಜಾಲ್ ವಕೀಲರು ತಮ್ಮ ಬಿಪಿ ರೋಗಿಗಳ ಅನುಭವವನ್ನು ಬ್ರಿಟನ್ನಿನ ಹೃದಯರೋಗದ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಒಂದೇ ಬೇರು ಮನಸ್ಸನ್ನೂ ಮುಟ್ಟಿತು, ರಕ್ತನಾಳವನ್ನೂ ಮುಟ್ಟಿತು. ಎರಡೂ ಒಂದೇ ನರವ್ಯವಸ್ಥೆಯ ಹಿಡಿತದಲ್ಲಿವೆ ಎಂಬ ತಿಳಿವಿಗೆ ಅದು ದೊಡ್ಡ ದಾರಿ ತೆರೆಯಿತು. ಹಾಗೆಂದು ಈ ಬೇರನ್ನು ಮನೆಯಲ್ಲಿ ಮಕ್ಕಳಿಗೆ ಅರೆದು ಕುಡಿಸಬಾರದು. ಅದೇ ಸತ್ವ ಕೆಲವರಲ್ಲಿ ತೀವ್ರ ಖಿನ್ನತೆಯನ್ನು ತಂದದ್ದೂ ವೈದ್ಯಕೀಯ ಚರಿತ್ರೆಯಲ್ಲಿದೆ.

ಮೆದುಳಿನ ಕಡೆಗೆ ಬರೋಣ. ದೊಡ್ಡವರ ಮೆದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2ರಷ್ಟು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಅದರ ಪಾಲು ನೂರಕ್ಕೆ 20ರಷ್ಟು. ಮಕ್ಕಳಲ್ಲಿ ಈ ಪಾಲು ಇನ್ನೂ ದೊಡ್ಡದು. ಐದು ವರ್ಷದ ಆಸುಪಾಸಿನ ಮಗು ದಿನವಿಡೀ ಖರ್ಚು ಮಾಡುವ ಶಕ್ತಿಯಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮೆದುಳೊಂದಕ್ಕೇ ಹೋಗುತ್ತದೆ. ಇಷ್ಟು ರಕ್ತ ಬೇಡುವ ಅಂಗಕ್ಕೆ ಅದು ಹದವಾಗಿ ಸಿಗಬೇಕು. ಹಾನಗಲ್ಲ ಸೀಮೆಯಲ್ಲಿ ಕೆರೆ ತುಂಬಿದಾಗಲೂ ತಗ್ಗಿದಾಗಲೂ ಗದ್ದೆಗೆ ಹದವಾಗಿಯೇ ನೀರು ಹೋಗುವಂತೆ ತೂಬನ್ನು ಏರಿಸಿ ಇಳಿಸುತ್ತಾರಲ್ಲ, ಮೆದುಳಿನ ಸಣ್ಣ ರಕ್ತನಾಳಗಳು ಆ ಕೆಲಸವನ್ನು ಕ್ಷಣಕ್ಷಣವೂ ತಾವೇ ಮಾಡುತ್ತವೆ. ಒತ್ತಡ ಏರಿದರೆ ಬಿಗಿಯುತ್ತವೆ, ಇಳಿದರೆ ಸಡಿಲಾಗುತ್ತವೆ. ಆದರೆ ಅದಕ್ಕೊಂದು ಮೇಲಿನ ಮಿತಿಯಿದೆ. ಮಕ್ಕಳಲ್ಲಿ ಆ ಮಿತಿ ದೊಡ್ಡವರಿಗಿಂತ ಕೆಳಗಿರುತ್ತದೆ. ಆದ್ದರಿಂದ ದೊಡ್ಡವರು ಹೇಗೋ ತಾಳಿಕೊಳ್ಳುವ ಒತ್ತಡದಲ್ಲಿ ಮಗುವಿನ ಮೆದುಳು ಬಾತುಕೊಳ್ಳಬಹುದು.

ಈಗ ಎರಡನೆಯ ಮಾತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದು ಸಣ್ಣ ಊರುಗಳಲ್ಲಿ ನಡೆಯುವಂಥದ್ದು, ತಡೆಯಬಹುದಾದದ್ದು ಕೂಡ.

ಮಳೆಗಾಲ ಬಂತೆಂದರೆ ಮಕ್ಕಳ ಕೈಕಾಲಿನಲ್ಲಿ ಹುರುಕು, ಕಜ್ಜಿ, ಕೀವುಗುಳ್ಳೆ. ಒಂದೇ ಹಾಸಿಗೆ, ಒಂದೇ ಟವೆಲ್ಲು. ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ತುರಿಸಿ ತುರಿಸಿ ಗಾಯವಾದಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಸೇರುತ್ತದೆ. ಕೆಲವು ಮಕ್ಕಳಿಗೆ ಇದೇ ರೋಗಾಣು ಗಂಟಲು ಬೇನೆ ತರುತ್ತದೆ. ಗಾಯವೇನೋ ಒಣಗುತ್ತದೆ, ಮನೆಯವರು ಮರೆಯುತ್ತಾರೆ. ಆದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸಿಕೊಂಡ ಸರಂಜಾಮು ಮೂತ್ರಪಿಂಡದ ಸೂಕ್ಷ್ಮ ಸೋಸುಜಾಲದಲ್ಲಿ ಸಿಕ್ಕಿಕೊಂಡು ಅದನ್ನು ಊದಿಸುತ್ತದೆ. ಗಂಟಲು ಬೇನೆಯಾದರೆ ಒಂದೆರಡು ವಾರಕ್ಕೆ, ಚರ್ಮದ ಹುಣ್ಣಾದರೆ ಮೂರು ವಾರಕ್ಕೋ ಇನ್ನೂ ತಡವಾಗಿಯೋ ಇದು ಕಾಣಿಸಿಕೊಳ್ಳುತ್ತದೆ. ಐದರಿಂದ ಹನ್ನೆರಡು ವರ್ಷದ ಮಕ್ಕಳಲ್ಲೇ ಹೆಚ್ಚು.

ಆಗ ತಾಯಿ ಹೇಳುವ ಮಾತುಗಳೇ ರೋಗದ ಅರ್ಧ ಪತ್ತೆ: “ಮುಂಜಾನೆ ಎದ್ದಾಗ ಹುಡುಗನ ಮಾರಿ ಬಾತಿರತೈತ್ರಿ, ಉಚ್ಚಿ ಚಾದ ಬಣ್ಣಾ ಆಗೇತ್ರಿ.” ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹೊರಹಾಕಲಾರದೆ ಒಳಗೇ ಇಟ್ಟುಕೊಂಡಾಗ ಬಿಪಿ ಏರುತ್ತದೆ. ಏರಿಕೆ ಎರಡು ಮೂರು ದಿನಗಳಲ್ಲೇ ಆಗಬಹುದು. ತಲೆನೋವು, ವಾಂತಿ, ಕಣ್ಣು ಮಂಜು, ಆಮೇಲೆ ಫಿಟ್ಸ್. ಮೆದುಳಿನ ರಕ್ತನಾಳಗಳ ತಡೆ ಮುರಿದು ನೀರು ಹೊರಜಿನುಗುತ್ತದೆ. ತಲೆಯ ಹಿಂಭಾಗದಲ್ಲಿ, ನೋಟವನ್ನು ಗ್ರಹಿಸುವ ಭಾಗದಲ್ಲಿ, ಈ ಬಾವು ಹೆಚ್ಚು. ಆದ್ದರಿಂದಲೇ ಕೆಲವು ಮಕ್ಕಳಿಗೆ ಎಚ್ಚರವಿದ್ದೂ ಕಣ್ಣು ಕಾಣುವುದಿಲ್ಲ. ಎಂಆರ್‌ಐ ಚಿತ್ರಗಳಲ್ಲಿ ಕಾಣುವ ಈ ಸ್ಥಿತಿಯನ್ನು 1996ರಲ್ಲಿ ವೈದ್ಯರು ಸ್ಪಷ್ಟವಾಗಿ ವಿವರಿಸಿದರು. ಬಿಪಿಯನ್ನು ಸಕಾಲದಲ್ಲಿ, ಅದೂ ನಿಧಾನವಾಗಿ ಇಳಿಸಿದರೆ ಬಹುಪಾಲು ಮಕ್ಕಳಲ್ಲಿ ನೋಟ ಮರಳುತ್ತದೆ, ಎಚ್ಚರ ಮರಳುತ್ತದೆ, ಮೂತ್ರಪಿಂಡವೂ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ನಿಧಾನವಾಗಿ ಎಂದದ್ದಕ್ಕೆ ಕಾರಣವಿದೆ: ಏರಿದ ಒತ್ತಡಕ್ಕೆ ಬಿಗಿದುಕೊಂಡ ನಾಳಗಳಿರುವಾಗ ಒಮ್ಮೆಲೇ ಇಳಿಸಿದರೆ ಮೆದುಳಿಗೆ ರಕ್ತವೇ ಸಾಲದಾಗುತ್ತದೆ. ಇದು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ.

ತಡವಾಗುವುದು ಎಲ್ಲಿ? ಫಿಟ್ಸ್ ಬಂದ ಮಗುವಿನ ಕೈಗೆ ಕೀಲಿಕೈ ಹಿಡಿಸುತ್ತಾರೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ, ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಗಾಬರಿಯಲ್ಲಿ ತಾಯಿ ತಂದೆ ಏನಾದರೂ ಮಾಡಲೇಬೇಕೆನ್ನುವ ತಳಮಳ ಅದರಲ್ಲಿದೆ. ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಮಾಡಬೇಕಾದದ್ದು ಮಗುವನ್ನು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡುವುದು. ವೈದ್ಯ ಮಿತ್ರರಿಗೂ ಒಂದು ಮಾತಿದೆ. ಜ್ವರವಿಲ್ಲದೆ ಫಿಟ್ಸ್ ಬಂದ ಮಗುವನ್ನು ಮೂರ್ಛೆರೋಗ ಎಂದು ಬರೆದುಕೊಡುವ ಮೊದಲು ಅದರ ಬಿಪಿ ನೋಡಬೇಕು, ಮೂತ್ರ ಪರೀಕ್ಷೆ ಮಾಡಿಸಬೇಕು. ಇವೆರಡಕ್ಕೂ ಹುಬ್ಬಳ್ಳಿಗೆ ಹೋಗಬೇಕಿಲ್ಲ. ತಾಲ್ಲೂಕು ಆಸ್ಪತ್ರೆ ಸಾಕು.

ಇನ್ನು ಮೂರನೆಯ ವಿಷಯ. ಇದರಲ್ಲಿ ಫಿಟ್ಸ್ ಇಲ್ಲ, ಮುಖ ಬಾಯುವುದಿಲ್ಲ. ಮಗು ಸಾಲಿಗೆ ಹೋಗಿ ಬರುತ್ತಿರುತ್ತದೆ. ಬಿಪಿ ಮಾತ್ರ ತನ್ನ ವಯಸ್ಸಿಗೆ ಇರಬೇಕಾದ್ದಕ್ಕಿಂತ ಮೇಲಿರುತ್ತದೆ.

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಮಕ್ಕಳ ಮೂತ್ರಪಿಂಡತಜ್ಞ ಮಾರ್ಕ್ ಲ್ಯಾಂಡೆ ಈ ಪ್ರಶ್ನೆಯನ್ನು ಹಿಡಿದು ಹೊರಟವರು. 2003ರಲ್ಲಿ ಅವರ ತಂಡ ಆ ದೇಶದ ಆರೋಗ್ಯ ಸಮೀಕ್ಷೆಯಲ್ಲಿ ಸೇರಿದ್ದ 6ರಿಂದ 16 ವರ್ಷದ ಸುಮಾರು 5,000 ಮಕ್ಕಳ ಮಾಹಿತಿಯನ್ನು ಪರಿಶೀಲಿಸಿತು. ಹೇಳಿದ ಅಂಕಿಗಳನ್ನು ನೆನಪಿಟ್ಟು ಮರಳಿ ಒಪ್ಪಿಸುವ ಪರೀಕ್ಷೆಯಲ್ಲಿ, ತುಂಡುಗಳನ್ನು ಜೋಡಿಸಿ ವಿನ್ಯಾಸ ಮಾಡುವುದರಲ್ಲಿ, ಗಣಿತದಲ್ಲಿ ಮೇಲಿನ ಬಿಪಿ ಹೆಚ್ಚಿದ್ದ ಮಕ್ಕಳ ಸರಾಸರಿ ಕಡಿಮೆ ಬಂತು. ಗಣಿತದಲ್ಲಿ ಉಳಿದವರ ಸರಾಸರಿ 93.8, ಇವರದು 89.6. ಮನೆಯ ಸ್ಥಿತಿಗತಿ, ದೇಹದ ತೂಕ ಮುಂತಾದವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅಂಕಿ ಒಪ್ಪಿಸುವ ಪರೀಕ್ಷೆಯ ಅಂತರ ಅಳಿಯಲಿಲ್ಲ. 2010ರಲ್ಲಿ ಅದೇ ಊರಿನ ಸಂಶೋಧಕರು ಬಿಪಿ ಚಿಕಿತ್ಸಾಲಯಕ್ಕೆ ಬಂದ 201 ಮಕ್ಕಳನ್ನು ನೋಡಿದಾಗ, ಬಿಪಿ ಖಚಿತವಾದವರಲ್ಲಿ ನೂರಕ್ಕೆ 28 ಮಕ್ಕಳಿಗೆ ಕಲಿಕೆಯ ನ್ಯೂನತೆ ಇತ್ತು; ಖಚಿತವಾಗದವರಲ್ಲಿ ನೂರಕ್ಕೆ 9.

2016ರ ಅಧ್ಯಯನ ಇನ್ನೂ ಎಚ್ಚರಿಕೆಯದು. ಹೊಸದಾಗಿ ಬಿಪಿ ಪತ್ತೆಯಾದ 75 ಮಕ್ಕಳು, ಬಿಪಿ ಇಲ್ಲದ 75 ಮಕ್ಕಳು, ಎಲ್ಲರೂ 10ರಿಂದ 18ರೊಳಗಿನವರು. ವಯಸ್ಸು, ದಪ್ಪ, ಮನೆಯ ಪರಿಸ್ಥಿತಿ ಹೊಂದುವಂತೆ ಆರಿಸಿದ್ದರು. ಕೇಳಿದ ಪದಪಟ್ಟಿಯನ್ನು ನೆನಪಿಡುವುದು, ನೋಡಿದ ದಾರಿಯನ್ನು ಸ್ವಲ್ಪ ಹೊತ್ತಿನ ಮೇಲೆ ನೆನೆಯುವುದು, ಬೆರಳುಗಳ ಚುರುಕು, ಇವುಗಳಲ್ಲಿ ಬಿಪಿ ಇರುವ ಮಕ್ಕಳು ತುಸು ಹಿಂದಿದ್ದರು. ತುಸು ಎಂಬುದನ್ನು ಒತ್ತಿ ಹೇಳುತ್ತೇನೆ. ಅವರ ಅಂಕಗಳು ಸಹಜ ವ್ಯಾಪ್ತಿಯಲ್ಲೇ ಇದ್ದವು. ಬುದ್ಧಿಮಾಂದ್ಯವೆಂದು ಯಾರೂ ಹೇಳುವಂತಿರಲಿಲ್ಲ. ಬಿಪಿಯೇ ಈ ಅಂತರಕ್ಕೆ ಕಾರಣವೆಂದು ಈ ಅಧ್ಯಯನಗಳು ಸಾಧಿಸಿಲ್ಲ; ಎರಡೂ ಜೊತೆಯಲ್ಲಿ ಕಾಣುತ್ತವೆ ಎಂದಷ್ಟೇ ತೋರಿಸಿವೆ. ಗೊರಕೆ ಹೊಡೆಯುವ, ಸರಿಯಾಗಿ ನಿದ್ದೆ ಬಾರದ ಮಕ್ಕಳಲ್ಲಿ ತೊಂದರೆ ಹೆಚ್ಚು ಎಂಬುದೂ ಗೊತ್ತಾಗಿದೆ. ಆದರೆ ಒಂದು ಸುಳಿವು ಮುಖ್ಯ: ಬಿಪಿಗೆ ಒಂದು ವರ್ಷ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಯೋಜಿಸಿ ಕೆಲಸ ಮಾಡುವ ಶಕ್ತಿ ಸುಧಾರಿಸಿತೆಂದು ತಾಯ್ತಂದೆಯರೇ ಹೇಳಿದ್ದು ದಾಖಲಾಗಿದೆ.

ಫಿನ್‌ಲೆಂಡಿನವರು ಇನ್ನೂ ದೂರ ನೋಡಿದ್ದಾರೆ. 1980ರಲ್ಲಿ 3ರಿಂದ 18 ವರ್ಷದವರಾಗಿದ್ದ ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಿ, 2011ರಲ್ಲಿ, ಅಂದರೆ ಅವರು 34ರಿಂದ 49 ವರ್ಷದವರಾದಾಗ, ನೆನಪು ಮತ್ತು ಕಲಿಕೆಯನ್ನು ಪರೀಕ್ಷಿಸಿದರು. ಎಳವೆಯಿಂದಲೂ ಬಿಪಿ ಹೆಚ್ಚಿಗೆ ಇದ್ದವರ ನೆನಪು ನಡುವಯಸ್ಸಿನಲ್ಲೇ ಮಂದವಾಗಿತ್ತು. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 45 ವರ್ಷ ದಾಟಿದ 10,000 ಜನರ ಮರೆವಿನ ಅಧ್ಯಯನಕ್ಕೆ ಕೈಹಾಕಿದ್ದಾರೆ. ಮರೆಗುಳಿತನಕ್ಕೆ ದಾರಿಮಾಡುವ, ಆದರೆ ತಡೆಯಬಹುದಾದ ಕಾರಣಗಳಲ್ಲಿ ನಡುವಯಸ್ಸಿನ ಬಿಪಿ ಒಂದು ಎಂಬುದು ಈಗ ಜಗತ್ತು ಒಪ್ಪಿದ ಮಾತು. ಆ ಬಿಪಿ ಎಷ್ಟೋ ಮಂದಿಯಲ್ಲಿ ಶಾಲೆಯ ದಿನಗಳಲ್ಲೇ ಮೊದಲಾಗಿರುತ್ತದೆ.

ನಮ್ಮ ದೇಶದಲ್ಲಿ ಬಿಪಿ ಇರುವ ಮಕ್ಕಳು ಎಷ್ಟು? 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಸಮಗ್ರ ಪೌಷ್ಟಿಕತಾ ಸಮೀಕ್ಷೆಯ ವರದಿ 10ರಿಂದ 19 ವರ್ಷದವರಲ್ಲಿ ನೂರಕ್ಕೆ 5 ಎಂದಿತು. 2022ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಜೊತೆಗಾರರೊಂದಿಗೆ ಅದೇ ಸಮೀಕ್ಷೆಯನ್ನು ಮಕ್ಕಳಿಗೆಂದೇ ಇರುವ ಬಿಗಿಯಾದ ಅಳತೆಗೋಲಿನಿಂದ ನೋಡಿದಾಗ 10ರಿಂದ 12 ವರ್ಷದವರಲ್ಲಿ ನೂರಕ್ಕೆ 35, 13 ದಾಟಿದವರಲ್ಲಿ 25 ಎಂದು ಬಂತು. ಈ ದೊಡ್ಡ ಅಂಕಿ ಕೇಳಿ ಯಾರೂ ಹೆದರಬೇಕಿಲ್ಲ. ಮೂರು ಬೇರೆ ಬೇರೆ ದಿನ ಅಳೆದರೆ ಅದು ಬಹಳಷ್ಟು ಇಳಿಯುತ್ತದೆ. ಆದರೆ ನೂರಕ್ಕೆ ಐದೇ ಎಂದು ಹಿಡಿದರೂ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ಆ ಇಬ್ಬರು ಯಾರೆಂದು ನಮ್ಮ ಯಾವ ಶಾಲೆಗೂ ಗೊತ್ತಿಲ್ಲ ಎನ್ನುವುದೇ ನನ್ನ ಅಳಲು.

ಬಿಪಿಯ ಬೇರು ಎಲ್ಲಿಂದ ಎಂಬುದಕ್ಕೆ, ಮೊದಲೇ ಹೇಳಿದ ಮೈಸೂರಿನ ಮಾತು ಇಲ್ಲಿ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆ ಎನ್ನುತ್ತಾರೆ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಸೂಲಗಿತ್ತಿಯರು, ದಾದಿಯರು ಬರೆದಿಟ್ಟರು. ಬರೆದವರಿಗೆ ಅದು ದಿನದ ಕೆಲಸ; ಮುಂದೆ ಅದು ಜಗತ್ತಿನ ಸಂಶೋಧಕರಿಗೆ ನಿಧಿಯಾಯಿತು. ಆ ಕೂಸುಗಳು ನಡುವಯಸ್ಸಿಗೆ ಬಂದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಸಣ್ಣದಾಗಿ ಹುಟ್ಟಿದವರಲ್ಲಿ ಹೃದಯರೋಗ ಹೆಚ್ಚು ಎಂದು ಕಂಡಿತು. 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಇದು ಪ್ರಕಟವಾಯಿತು. ಗರ್ಭದಲ್ಲಿ ಸೊರಗಿದ ಮಗುವಿನ ಮೂತ್ರಪಿಂಡದಲ್ಲಿ ಸೋಸುಘಟಕಗಳು ಕಡಿಮೆ ಇರುತ್ತವೆ, ಮುಂದೆ ಬಿಪಿಗೆ ಅದು ಒಂದು ಕಾರಣ ಎಂಬ ವಿಚಾರವನ್ನೂ ವಿಜ್ಞಾನಿಗಳು ಮುಂದಿಟ್ಟಿದ್ದಾರೆ. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರಾಗಿದ್ದವರ ಮಕ್ಕಳನ್ನು ಇನ್ನೊಂದು ಅಧ್ಯಯನ ಹಿಂಬಾಲಿಸಿತು. ಆ ಮಕ್ಕಳು 9–10 ವರ್ಷದವರಾದಾಗ ಕಲಿಕೆ, ನೆನಪಿನ ಪರೀಕ್ಷೆ ಮಾಡಿದರು. ಗರ್ಭಾವಸ್ಥೆಯಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಜೀವಸತ್ವ ಹೆಚ್ಚಿದ್ದ ಮಕ್ಕಳು ಮುಂದಿದ್ದರು. ಬಸಿರಿನಲ್ಲಿ ತಾಯಿಗೆ ಸಕ್ಕರೆ ಕಾಯಿಲೆ ಇದ್ದ ಮಕ್ಕಳಲ್ಲಿ ಹೃದ್ರೋಗಕ್ಕೆ ಎಡೆಕೊಡುವ ಲಕ್ಷಣಗಳು ಒಟ್ಟೊಟ್ಟಿಗೆ ಕಂಡವು. ಅಂದರೆ ಮಗುವಿನ ಮೆದುಳು, ಮಗುವಿನ ರಕ್ತನಾಳ ಎರಡರ ಆರೈಕೆಯೂ ಬಸುರಿಯ ತಾಟಿನಿಂದ ಶುರುವಾಗುತ್ತದೆ. ರಾಜಗಿರಿ, ಪುಂಡಿಪಲ್ಯ, ಮೆಂತ್ಯಪಲ್ಯ ಹಿತ್ತಲಲ್ಲೇ ಬೆಳೆಯುವ ನಮ್ಮ ಸೀಮೆಯಲ್ಲಿ ಇದು ಕೈಗೆಟುಕುವ ಕೆಲಸ.

ಊಟದ ಮಾತು ಬಂದದ್ದರಿಂದ ಉಪ್ಪಿನ ಬಗ್ಗೆ ಇಷ್ಟು. ದೊಡ್ಡವರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ಸವಣೂರಿನ ಖಾರ, ಮಿರ್ಚಿ ಭಜಿ ಜಾತ್ರೆಗೋ ಸಂತೆಗೋ ತಿಂದರೆ ಆತಂಕವಿಲ್ಲ. ಚಿಂತೆ ಇರುವುದು ಶಾಲೆಯ ಗೇಟಿನಲ್ಲಿ ದಿನಾ ಐದು ರೂಪಾಯಿಗೆ ಸಿಗುವ ಉಪ್ಪುಪ್ಪಿನ ಪಾಕೀಟುಗಳ ಬಗ್ಗೆ. ರೊಟ್ಟಿ, ಪಲ್ಯ, ಕಾಳು, ಮಜ್ಜಿಗೆ ಉಂಡು ಸಂಜೆ ಬಯಲಲ್ಲಿ ಆಡುವ ಮಗುವಿಗೆ ನಾನು ಬೇರೆ ಪಥ್ಯ ಹೇಳುವುದಿಲ್ಲ.

ಕೊನೆಯದಾಗಿ ಅಳತೆ. ಮಕ್ಕಳ ಬಿಪಿಗೆ 120/80 ಎಂಬ ಒಂದೇ ಗೆರೆ ಹೊಂದುವುದಿಲ್ಲ. 2017ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೊಟ್ಟ ಸರಳ ಪಟ್ಟಿಯಂತೆ 6 ವರ್ಷದ ಹುಡುಗನಲ್ಲಿ 105/66, 10 ವರ್ಷದ ಹುಡುಗನಲ್ಲಿ 108/72, 12 ವರ್ಷದ ಹುಡುಗಿಯಲ್ಲಿ 114/75 ಮುಟ್ಟಿದರೆ ಮತ್ತೆ ನೋಡಬೇಕು. 13 ದಾಟಿದ ಮೇಲೆ 120/80. ಮಕ್ಕಳ ಬಿಪಿಯನ್ನು ಮೂರನೇ ವರ್ಷದಿಂದ ವರ್ಷಕ್ಕೊಮ್ಮೆ ನೋಡಬೇಕೆಂಬುದು ಅದೇ ಮಾರ್ಗಸೂಚಿಯ ಸಲಹೆ.

ಅಳೆಯುವ ರೀತಿಯೂ ಅಷ್ಟೇ ಮುಖ್ಯ. ತೋಳಿಗೆ ಸುತ್ತುವ ಪಟ್ಟಿ ಮಗುವಿನ ಅಳತೆಯದ್ದಿರಬೇಕು: ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ನೂರಕ್ಕೆ 40ರಷ್ಟಾದರೂ ಇರಬೇಕು, ಉದ್ದ ತೋಳನ್ನು ನೂರಕ್ಕೆ 80ರಷ್ಟಾದರೂ ಸುತ್ತಬೇಕು. ದೊಡ್ಡವರ ಪಟ್ಟಿಯನ್ನು ಸಣ್ಣ ತೋಳಿಗೆ ಸುತ್ತಿದರೆ ಬಿಪಿ ಇದ್ದರೂ ಇಲ್ಲವೆಂದು ತೋರಿಸುತ್ತದೆ; ಪಟ್ಟಿ ಚಿಕ್ಕದಾದರೆ ಇಲ್ಲದ ಬಿಪಿಯನ್ನು ತೋರಿಸುತ್ತದೆ. ಮಗು ಓಡಿ ಬಂದಿರಬಾರದು, ಅಳುತ್ತಿರಬಾರದು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಕೈ ಎದೆಯ ಮಟ್ಟದಲ್ಲಿಟ್ಟು ಕೂರಿಸಬೇಕು. ಹೆಚ್ಚು ಬಂದರೆ ಬೇರೆ ದಿನ ಮತ್ತೆ ನೋಡಬೇಕು. ಮೂರು ಭೇಟಿಯಲ್ಲೂ ಹೆಚ್ಚೇ ಬಂದರೆ ಮಾತ್ರ ಬಿಪಿ ಎನ್ನಬೇಕು. ಆಮೇಲೆ ಕಾರಣ ಹುಡುಕಬೇಕು: ಮೂತ್ರಪಿಂಡ, ರಕ್ತನಾಳ, ತೂಕ, ನಿದ್ದೆ. ಮಗು ಚಿಕ್ಕದಾದಷ್ಟೂ ಒಳಗೊಂದು ಕಾರಣ ಅಡಗಿರುವ ಸಂಭವ ಹೆಚ್ಚು.

ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದಲೇ ಇದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಬಂದಾಗ ತೂಕ, ಎತ್ತರ, ಹಲ್ಲು, ಕಣ್ಣು ನೋಡುವ ಜೊತೆಗೆ ಬಿಪಿಯನ್ನೂ ನೋಡಿಸಿಕೊಳ್ಳುವುದು ನಮ್ಮ ಹಕ್ಕು.

ಶಿಕ್ಷಕರಲ್ಲಿ ಒಂದು ವಿನಂತಿ. “ಲಕ್ಷ್ಯಾನ ಕೊಡೂದಿಲ್ರಿ, ಹೇಳಿದ್ದು ತಲಿಯಾಗ ನಿಂದ್ರೂದಿಲ್ರಿ” ಎಂದು ನೀವು ಹೇಳುವ ಮಕ್ಕಳಲ್ಲಿ ಬಹುತೇಕರಿಗೆ ಬಿಪಿ ಇರುವುದಿಲ್ಲ. ರಕ್ತಹೀನತೆ, ಕಣ್ಣಿನ ದೋಷ, ಸೋರುವ ಕಿವಿ, ಹಸಿವು, ಮನೆಯ ಜಗಳ, ಇವೇ ಹೆಚ್ಚು ಸಾಮಾನ್ಯ. ಆದರೆ ದಡ್ಡ ಎಂಬ ಹೆಸರಿಡುವ ಮೊದಲು ಇವನ್ನೆಲ್ಲ ನೋಡಿಸಿ, ಆ ಸಾಲಿನಲ್ಲಿ ಬಿಪಿಯನ್ನೂ ಸೇರಿಸಿ. ಜಾನಪದದ ವಿದ್ಯಾರ್ಥಿಗಳಲ್ಲಿ ಇನ್ನೊಂದು ಕೋರಿಕೆ: ಕ್ಷೇತ್ರಕಾರ್ಯಕ್ಕೆ ಹೋದಾಗ ಮಕ್ಕಳ ಫಿಟ್ಸಿಗೆ, ಮಾರಿ ಬಾಯುವುದಕ್ಕೆ ಜನ ಕೊಡುವ ಹೆಸರು, ಮಾಡುವ ಉಪಚಾರಗಳನ್ನು ಬರೆದುಕೊಳ್ಳಿ, ಬರೆದದ್ದರ ಒಂದು ಪ್ರತಿಯನ್ನು ನಿಮ್ಮ ತಾಲ್ಲೂಕಿನ ವೈದ್ಯರಿಗೂ ಕೊಡಿ. ಆಶಾ ಸಹೋದರಿಯರೇ, ಕಜ್ಜಿ ಆಗಿ ಹೋದ ಮಗುವಿನ ಮನೆಗೆ ಮೂರು ವಾರದ ಮೇಲೆ ಇನ್ನೊಮ್ಮೆ ಹೋಗಿ, ಮುಖ ಬಾತಿದೆಯೇ, ಮೂತ್ರದ ಬಣ್ಣ ಹೇಗಿದೆ ಎಂದು ಕೇಳಿ. ಮತ್ತು ಇಲ್ಲಿರುವ ಎಲ್ಲರಲ್ಲೂ ಕೇಳಿಕೊಳ್ಳುವುದು ಇದು: ಮುಂದಿನ ಸಲ ತಪಾಸಣೆಯ ಗಾಡಿ ನಿಮ್ಮ ಊರಿನ ಶಾಲೆಗೆ ಬಂದಾಗ, ಮಕ್ಕಳ ಅಳತೆಯ ಬಿಪಿ ಪಟ್ಟಿ ತಂದಿದ್ದಾರೆಯೇ ಎಂದು ಕೇಳಿ, ತಂದಿಲ್ಲವಾದರೆ ತರುವವರೆಗೂ ಕೇಳುತ್ತಲೇ ಇರಿ.